ಪಿಯುಸಿ ನಂತರ ಪದವಿ ಓದುವುದು ಸಾರ್ಥಕವೇ? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಕೇಂದ್ರವೊಂದರ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುವ ನಾನು ಹಲವು ವರ್ಷಗಳಿಂದ ಪ್ರವೇಶದ ದಿನಗಳಲ್ಲಿ ಅರ್ಜಿ ಪರಿಶೀಲಿಸುವ ಮೇಜಿನ ಹಿಂದೆ ಕೂರುತ್ತ ಬಂದಿದ್ದೇನೆ. ಮಾರ್ಕ್ಸ್ ಕಾರ್ಡು, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನೆಲ್ಲ ಬಟ್ಟೆ ಅಂಗಡಿಯ ಕವರಿನಲ್ಲಿ ಮಡಚಿ ತಂದ ತಂದೆಯೊಬ್ಬರು ಅವನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು, ಮಗ ಆಚೆ ಹೋದದ್ದನ್ನು ನೋಡಿಕೊಂಡು, ಸ್ವರ ತಗ್ಗಿಸಿ, ‘ಸರ್, ಇದನ್ನು ಓದಿದರೆ ಇವನಿಗೆ ಏನಾದರೂ ಆಗುತ್ತದೆಯೇ?’ ಎಂದು ಕೇಳುತ್ತಾರೆ. ಸರದಿಯಲ್ಲಿ ಹಿಂದೆ ಇನ್ನೂ ನಲವತ್ತು ಜನ ನಿಂತಿರುವಾಗ ಆ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಲು ಆಗುವುದಿಲ್ಲ. ಅಲ್ಲಿ ಹೇಳಲಾಗದೆ ಉಳಿದ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಪಿಯುಸಿ ಮುಗಿದ ಮೇಲೆ ಕಾಲೇಜಿಗೆ ಹೋಗಲೇಬೇಕೇ?

ಹೋಗಲೇಬೇಕೆಂಬ ನಿಯಮವಿಲ್ಲ. ಆದರೆ ಹೋಗದಿರುವವರು ಅದರ ಬದಲಿಗೆ ಏನು ಮಾಡುತ್ತೇವೆ ಎಂಬುದನ್ನು ಮೊದಲೇ ತಿಳಿದಿರಬೇಕು. ‘ಒಂದು ವರ್ಷ ನೋಡೋಣ’ ಎಂದು ಮನೆಯಲ್ಲಿ ಉಳಿದ ಮಕ್ಕಳಲ್ಲಿ ಮರುವರ್ಷ ಮರಳಿ ಬಂದವರು ನನ್ನ ಅನುಭವದಲ್ಲಿ ತೀರ ಕಡಿಮೆ. ಕೈಯಲ್ಲಿ ಬೇರೊಂದು ದಾರಿ ಖಚಿತವಾಗಿ ಇದ್ದರೆ ಕಾಲೇಜು ಬಿಡುವುದರಲ್ಲಿ ತಪ್ಪಿಲ್ಲ. ದಾರಿ ಕಾಣದಿದ್ದರೆ, ಮನೆಗೆ ಹತ್ತಿರವಿರುವ ಸರ್ಕಾರಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಪದವಿ ಓದುವುದೇ ಮೇಲು.

ಪದವಿ ಇದ್ದರೆ ಕೆಲಸ ಸಿಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? ಅದು ಈಗ ಎಷ್ಟು ನಿಜ?

ಆ ನಂಬಿಕೆ ಸುಳ್ಳಿನಿಂದ ಹುಟ್ಟಿದ್ದಲ್ಲ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದಾಗ ಮತ್ತು ಆನಂತರದ ಹಲವು ದಶಕಗಳವರೆಗೆ, ಒಂದು ಊರಿನಲ್ಲಿ ಬಿ.ಎ. ಪಾಸಾದವರು ಒಬ್ಬರೋ ಇಬ್ಬರೋ ಇರುತ್ತಿದ್ದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ವಾರಾನ್ನದಲ್ಲಿ ಓದಿದ ಹುಡುಗ ಗುಮಾಸ್ತನೋ ಮೇಷ್ಟರೋ ಆಗಿ ತಮ್ಮಂದಿರನ್ನು ಓದಿಸಿ, ತಂಗಿಯರ ಮದುವೆ ಮಾಡಿ, ಮನೆಯ ಸಾಲ ತೀರಿಸಿದ್ದನ್ನು ನಮ್ಮ ಅಜ್ಜಂದಿರು ಕಣ್ಣಾರೆ ಕಂಡಿದ್ದರು. ತುಮಕೂರಿನ ಸಿದ್ಧಗಂಗಾ ಮಠದಂಥ ಮಠಗಳ ಮತ್ತು ಸಮುದಾಯದ ವಿದ್ಯಾರ್ಥಿನಿಲಯಗಳ ಅನ್ನದಿಂದ ಓದಿ ಮೇಲೆ ಬಂದ ಕುಟುಂಬಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಓದಿದವರು ವಿರಳರಾಗಿದ್ದ ಕಾಲದಲ್ಲಿ ಪದವಿಯೆಂಬುದು ಹೆಚ್ಚುಕಡಿಮೆ ಕೆಲಸದ ಆದೇಶಪತ್ರವೇ ಆಗಿತ್ತು.

ಈಗ ಆ ವಿರಳತೆ ಹೋಗಿದೆ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, 18ರಿಂದ 23 ವರ್ಷದೊಳಗಿನ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ದೇಶದಲ್ಲಿ ಸರಾಸರಿ 30 ಕಾಲೇಜುಗಳಿದ್ದರೆ ಕರ್ನಾಟಕದಲ್ಲಿ 66 ಇವೆ, ಮತ್ತು ಜಿಲ್ಲೆಗಳ ಪೈಕಿ ದೇಶದಲ್ಲೇ ಅತಿ ಹೆಚ್ಚು ಕಾಲೇಜುಗಳಿರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಇದು ಸಂತೋಷ ಪಡಬೇಕಾದ ಬದಲಾವಣೆ. ಹೊಲದಲ್ಲಿ ಕೂಲಿ ಮಾಡುವವರ ಮಗಳು ಇಂದು ನನ್ನ ತರಗತಿಯ ಮೊದಲ ಸಾಲಿನಲ್ಲಿ ಕೂರುವುದು ಇದರಿಂದಲೇ ಸಾಧ್ಯವಾಯಿತು. ಆದರೆ ಕಾಲೇಜುಗಳು ಹೆಚ್ಚಿದ ವೇಗದಲ್ಲಿ ಪದವೀಧರರಿಗೆ ತಕ್ಕ ಹುದ್ದೆಗಳು ಹೆಚ್ಚಲಿಲ್ಲ. ಆದ್ದರಿಂದ ಪದವಿಯು ಇಂದು ಅರ್ಜಿ ಹಾಕುವ ಅರ್ಹತೆಯನ್ನು ಕೊಡುತ್ತದೆ. ಕೆಲಸವನ್ನು ಬೇರೆ ದುಡಿಮೆಯಿಂದ ಗಳಿಸಿಕೊಳ್ಳಬೇಕಾಗುತ್ತದೆ. ತಂದೆತಾಯಂದಿರು ಇವೆರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ಮೂರು ವರ್ಷದ ಕೊನೆಯಲ್ಲಿ ಅಷ್ಟು ನೋವಾಗುತ್ತದೆ.

ಓದಿದವರಲ್ಲೇ ನಿರುದ್ಯೋಗ ಹೆಚ್ಚಂತೆ. ಹಾಗಾದರೆ ಓದುವುದೇ ನಷ್ಟವಲ್ಲವೇ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಭಾರತದ ಉದ್ಯೋಗ ಸ್ಥಿತಿಯ ಬಗ್ಗೆ 2024ರಲ್ಲಿ ಹೊರತಂದ ವರದಿಯಲ್ಲಿ, 2022ರ ಅಂಕಿಅಂಶಗಳಂತೆ, ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗದ ಪ್ರಮಾಣ ಶೇ. 29.1 ಇದ್ದರೆ ಓದುಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ‘ಓದಿದರೆ ಕೆಟ್ಟಂತೆ’ ಎನ್ನುವವರು ಒಂದು ಮಾತನ್ನು ಮರೆಯುತ್ತಾರೆ. ಓದುಬರಹ ಬಾರದವನಿಗೆ ನಿರುದ್ಯೋಗಿಯಾಗಿ ಉಳಿಯುವ ಅನುಕೂಲವೇ ಇರುವುದಿಲ್ಲ. ಸಂಜೆಯ ಒಲೆ ಉರಿಯಬೇಕಾದರೆ ಅವನು ಬೆಳಿಗ್ಗೆ ಯಾವ ಕೂಲಿ ಸಿಕ್ಕರೂ ಹೋಗಲೇಬೇಕು. ಅಂಥವನು ದುಡಿಯುವವರ ಲೆಕ್ಕಕ್ಕೆ ಸೇರುತ್ತಾನೆ. ಪದವೀಧರನಾದರೋ ತನ್ನ ಓದಿಗೆ ತಕ್ಕದ್ದು ಸಿಗಲಿ ಎಂದು ಮನೆಯವರ ಆಸರೆಯಲ್ಲಿ ಕಾಯುತ್ತಾನೆ, ಹಾಗೆ ಕಾಯುವವನನ್ನು ನಿರುದ್ಯೋಗಿಯೆಂದು ಬರೆದುಕೊಳ್ಳುತ್ತಾರೆ.

ಹಾಗೆಂದು ಆ 29.1ನ್ನು ಹಗುರವಾಗಿ ಕಾಣಬಾರದು. ಕಾಯುವ ಕಾಲವು ಮೂರು ತಿಂಗಳಿಂದ ಮೂರು ವರ್ಷಕ್ಕೆ ಬೆಳೆದಾಗ ಹುಡುಗರು ಊರಿಗೆ ಬರುವುದನ್ನೇ ಬಿಡುತ್ತಾರೆ, ಮದುವೆ ಮನೆಗಳಲ್ಲಿ ‘ಈಗ ಏನು ಮಾಡಿಕೊಂಡಿದ್ದೀಯಪ್ಪಾ?’ ಎಂಬ ಪ್ರಶ್ನೆಗೆ ಹೆದರಿ ಮರೆಯಲ್ಲಿ ಊಟ ಮುಗಿಸಿ ಹೊರಡುತ್ತಾರೆ. ಪದವಿಗೆ ಸೇರಿಸುವ ಮೊದಲು ಮನೆಯವರು ಕೋರ್ಸಿನ ಮೂರು ವರ್ಷದ ಜೊತೆಗೆ ಕಾಯಬೇಕಾಗಬಹುದಾದ ಒಂದು ವರ್ಷವನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಸರ್ಕಾರಿ ಕೆಲಸಕ್ಕಾಗಿಯೇ ಪದವಿ ಓದಬಹುದೇ?

ಓದಬಹುದು, ಆದರೆ ಯಾವ ಹುದ್ದೆಗೆ ಏನು ಅರ್ಹತೆ ಎಂಬುದನ್ನು ಮೊದಲ ವರ್ಷದಲ್ಲೇ ತಿಳಿದುಕೊಂಡು ಓದಬೇಕು. ದ್ವಿತೀಯ ದರ್ಜೆ ಸಹಾಯಕ ಮತ್ತು ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಪಿಯುಸಿ ಸಾಕು. ಪ್ರಥಮ ದರ್ಜೆ ಸಹಾಯಕ, ಪಿಡಿಒ, ಪಿಎಸ್‌ಐ ಹುದ್ದೆಗಳಿಗೂ ಕೆಎಎಸ್ ಪರೀಕ್ಷೆಗೂ ಪದವಿ ಬೇಕು. ಅಂದರೆ ಪಿಯುಸಿ ಅರ್ಹತೆಯ ಪರೀಕ್ಷೆಗಳನ್ನು ಪದವಿ ಓದುತ್ತಲೇ ಬರೆಯಬಹುದು. ಪದವಿ ಮುಗಿಯಲಿ ಎಂದು ಕಾಯುವ ಮಕ್ಕಳು ಕೈಗೆ ಬಂದ ಅವಕಾಶವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಶಿಕ್ಷಕರಾಗಬಯಸುವವರು ಇನ್ನೂ ಎಚ್ಚರದಿಂದಿರಬೇಕು. ಶಿಕ್ಷಕರ ನೇಮಕಾತಿ ಅಧಿಸೂಚನೆಗಳಲ್ಲಿ ಪದವಿಯಲ್ಲಿ ಯಾವ ವಿಷಯಗಳನ್ನು ಓದಿರಬೇಕೆಂದು ಹೆಸರಿಸಿಯೇ ಹೇಳಿರುತ್ತಾರೆ. ಹಲವು ವರ್ಷಗಳ ಹಿಂದೆ ವಿಜ್ಞಾನ ಶಿಕ್ಷಕಿಯಾಗಬೇಕೆಂದಿದ್ದ ಒಬ್ಬ ವಿದ್ಯಾರ್ಥಿನಿ ಗೆಳತಿಯರು ತೆಗೆದುಕೊಂಡ ಕಾಂಬಿನೇಷನ್ನನ್ನೇ ಬರೆದು ಅರ್ಜಿ ಕೊಟ್ಟಳು. ಸರದಿ ಉದ್ದವಿತ್ತು, ನಾನು ‘ಮುಂದೆ ಏನಾಗಬೇಕು ಅಂದುಕೊಂಡಿದ್ದೀಯಮ್ಮಾ?’ ಎಂದು ಕೇಳದೆ ಸಹಿ ಹಾಕಿದೆ. ಬಿ.ಎಸ್ಸಿ. ಮೂರು ವರ್ಷ, ಬಿ.ಇಡಿ. ಎರಡು ವರ್ಷ ಮುಗಿಸಿ ಅರ್ಜಿ ಹಾಕಿದಾಗ ಅವಳ ವಿಷಯಗಳು ಅಧಿಸೂಚನೆಗೆ ಹೊಂದಲಿಲ್ಲ. ಅವಳು ನನ್ನನ್ನು ದೂರಲಿಲ್ಲ. ಅಂದಿನಿಂದ ನಾನು ಆ ಪ್ರಶ್ನೆಯನ್ನು ಕೇಳದೆ ಯಾವ ಅರ್ಜಿಗೂ ಸಹಿ ಹಾಕಿಲ್ಲ.

ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಕೋಣೆ ಹಿಡಿದು ತಯಾರಿ ನಡೆಸುವ ಯೋಚನೆಯಿದ್ದರೆ, ಎಷ್ಟು ವರ್ಷ ಎಂಬ ಗಡುವನ್ನು ಹೋಗುವ ಮೊದಲೇ ಮನೆಯವರೊಂದಿಗೆ ಕೂತು ನಿರ್ಧರಿಸಿಕೊಳ್ಳಿ. ಅಧಿಸೂಚನೆಗಳು ಹೇಳಿದ ಸಮಯಕ್ಕೆ ಬರುವುದಿಲ್ಲ, ಬಂದ ಮೇಲೂ ಮುಂದೂಡಿಕೆ, ಮರುಪರೀಕ್ಷೆ, ನ್ಯಾಯಾಲಯದ ತಡೆ ಎಂದು ವರ್ಷಗಳು ಉರುಳುತ್ತವೆ. ತಪ್ಪು ಮಕ್ಕಳದ್ದಲ್ಲ, ಆದರೆ ಮೀರಿಹೋಗುವ ವಯಸ್ಸು ಅವರದ್ದೇ.

ಇಂಜಿನಿಯರಿಂಗ್‌ಗೆ ಹಾಕಿದ ಹಣ ವಾಪಸ್ ಬರುತ್ತದೆಯೇ?

ಸೀಟು ಯಾವ ದಾರಿಯಿಂದ ಬಂತು ಎಂಬುದರ ಮೇಲೆ ಉತ್ತರ ನಿಂತಿದೆ. ಸಿಇಟಿಯ ಮೂಲಕ ಸರ್ಕಾರಿ ಕಾಲೇಜಿನಲ್ಲಿ ಸಿಕ್ಕ ಸೀಟಿಗೂ ಆಡಳಿತ ಮಂಡಳಿಯ ಕೋಟಾದ ಸೀಟಿಗೂ ಖರ್ಚಿನಲ್ಲಿ ಅಜಗಜಾಂತರವಿದೆ, ಆದರೆ ಎರಡೂ ಕಡೆ ಓದಿ ಬಂದವರಿಗೆ ಕಂಪನಿ ಕೊಡುವ ಮೊದಲ ಸಂಬಳ ಒಂದೇ ಇರಬಹುದು. ದೊಡ್ಡ ಐಟಿ ಕಂಪನಿಗಳು ಸಾಮಾನ್ಯ ಹೊಸಬರಿಗೆ ಕೊಡುವ ವಾರ್ಷಿಕ ಪ್ಯಾಕೇಜು ಎಷ್ಟೋ ವರ್ಷಗಳಿಂದ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲೇ ನಿಂತಿದೆ. ಅಷ್ಟರಲ್ಲಿ ಕಾಲೇಜಿನ ಶುಲ್ಕ, ಬೆಂಗಳೂರಿನ ಬಾಡಿಗೆ ಎಲ್ಲವೂ ಏರಿವೆ.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ ಆರು ಲಕ್ಷ ರೂಪಾಯಿ ಶಿಕ್ಷಣ ಸಾಲ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳಿ. ಓದಿನ ಅವಧಿ ಮತ್ತು ಅನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲ ಎಂದು ಬ್ಯಾಂಕಿನವರು ಹೇಳುವುದು ನಿಜ, ಆದರೆ ಬಡ್ಡಿ ಅಷ್ಟೂ ಕಾಲ ಬೆಳೆಯುತ್ತಲೇ ಇರುತ್ತದೆ. ಸರಳ ಬಡ್ಡಿಯಲ್ಲೇ ನೋಡಿದರೂ ಕಂತು ಆರಂಭವಾಗುವ ಹೊತ್ತಿಗೆ ಆರು ಲಕ್ಷವು ಎಂಟು ಲಕ್ಷ ಹತ್ತು ಸಾವಿರವಾಗಿರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 10,700 ರೂಪಾಯಿ ಕಟ್ಟಬೇಕು. ಮೂರೂವರೆ ಲಕ್ಷದ ಪ್ಯಾಕೇಜಿನಲ್ಲಿ ಪಿಎಫ್ ಮೊದಲಾದವು ಕಳೆದು ಕೈಗೆ ಬರುವುದು ತಿಂಗಳಿಗೆ ಇಪ್ಪತ್ತೈದು ಸಾವಿರದ ಆಸುಪಾಸು. ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆ, ಊಟ, ಬಸ್ಸು, ಮೊಬೈಲು ಕಳೆದರೆ ಊರಿಗೆ ಕಳುಹಿಸಲು ಏನು ಉಳಿಯುತ್ತದೆ ಎಂಬುದನ್ನು ನೀವೇ ಬರೆದು ನೋಡಿ. ಮೊದಲ ಸಂಬಳದಲ್ಲೇ ಮನೆಯ ಕಷ್ಟ ಕಳೆಯುತ್ತದೆ ಎಂಬ ನಿರೀಕ್ಷೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ನಾಲ್ಕೈದು ವರ್ಷದ ಅನುಭವದ ಮೇಲೆ ಸಂಬಳ ಏರಿ ನೆಮ್ಮದಿ ಕಂಡವರು ಬಹಳ ಜನ ಇದ್ದಾರೆ, ಅದೂ ಅಷ್ಟೇ ನಿಜ. ಆದರೆ ಅಲ್ಲಿಯವರೆಗೆ ಮನೆ ತಡೆದುಕೊಳ್ಳಬಲ್ಲದೇ ಎಂಬುದನ್ನು ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿಕೊಳ್ಳಬೇಕು.

ಜಮೀನು ಮಾರಿ ಕೋಟಾ ಸೀಟು ಕೊಡಿಸುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಅದರ ಬದಲು ಸಿಇಟಿಯಲ್ಲಿ ನಿಮಗಿರುವ ಹಕ್ಕನ್ನು ಪೂರ್ತಿ ಬಳಸಿಕೊಳ್ಳಿ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಪ್ರತ್ಯೇಕ ಮೀಸಲಾತಿ ಇದೆ. ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಮಾಡಿಸಿಟ್ಟುಕೊಳ್ಳದೆ ಈ ಸೌಲಭ್ಯ ಕಳೆದುಕೊಂಡ ಮಕ್ಕಳನ್ನು ನೋಡಿ ಹೊಟ್ಟೆ ಉರಿದಿದೆ.

ಕಾಲೇಜಿನವರು ಹೇಳುವ ಪ್ಲೇಸ್‌ಮೆಂಟ್ ಲೆಕ್ಕವನ್ನು ನಂಬಬಹುದೇ?

ಫ್ಲೆಕ್ಸಿನಲ್ಲಿ ಹಾಕುವ ಅತಿ ಹೆಚ್ಚಿನ ಸಂಬಳ ಒಬ್ಬರದ್ದು. ಕೇಳಬೇಕಾದದ್ದು ನಡುವಿನ ವಿದ್ಯಾರ್ಥಿಯ ಸಂಬಳವನ್ನು. ಒಟ್ಟು ಎಷ್ಟು ಜನ ಓದಿದರು, ಎಷ್ಟು ಜನ ಸಂದರ್ಶನಕ್ಕೆ ಅರ್ಹರಾದರು, ಎಷ್ಟು ಜನ ಕೆಲಸಕ್ಕೆ ನಿಜವಾಗಿ ಹಾಜರಾದರು ಎಂದು ಬಿಡಿಸಿ ಕೇಳಿ. ಆಯ್ಕೆಪತ್ರ ಬಂದು ಹಾಜರಾತಿಯ ಕರೆ ಬಾರದೆ ತಿಂಗಳುಗಟ್ಟಲೆ ಕಾದವರೂ ಪಟ್ಟಿಯಲ್ಲಿ ಸೇರಿರುತ್ತಾರೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ, ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ ಕೊನೆಯ ವರ್ಷದ ನಾಲ್ಕು ಮಕ್ಕಳನ್ನು ಮಾತನಾಡಿಸುವುದು.

ಐಟಿಐ, ಡಿಪ್ಲೊಮಾ ಓದಿದವರಿಗೆ ಬೆಲೆ ಕಡಿಮೆ ಅಲ್ಲವೇ?

ಬೆಲೆ ಕಡಿಮೆಯಿರುವುದು ಮದುವೆಯ ಮಾತುಕತೆಯಲ್ಲಿ, ಕಾರ್ಖಾನೆಯಲ್ಲಿ ಹಾಗಿಲ್ಲ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ತಮಗಾಗಿಯೇ ಇರುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ಆದ್ದರಿಂದ ಆ ದಾರಿಯಲ್ಲಿ ಹೋದವರಿಗೆ ಪದವಿಯ ಬಾಗಿಲು ಮುಚ್ಚುವುದಿಲ್ಲ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ಆ್ಯಂಡ್ ಡೈ ಮೇಕಿಂಗ್, ಅಂದರೆ ಕಾರ್ಖಾನೆಯ ಉಪಕರಣ ಮತ್ತು ಅಚ್ಚುಗಳ ತಯಾರಿಕೆ, ಓದುವ ಮಕ್ಕಳು ಮೊದಲ ವರ್ಷದಿಂದಲೇ ಯಂತ್ರದ ಮುಂದೆ ನಿಲ್ಲುತ್ತಾರೆ. ಅಲ್ಲಿ ಒಮ್ಮೆ ನೋಡಿದ ದೃಶ್ಯ ಮನಸ್ಸಿನಲ್ಲಿ ನಿಂತಿದೆ: ಹದಿನೇಳು ವರ್ಷದ ಹುಡುಗನೊಬ್ಬ ತಾನು ಉಜ್ಜಿದ ಕಬ್ಬಿಣದ ತುಂಡನ್ನು ಅಳತೆಗೆ ಹಿಡಿದು, ಕೂದಲೆಳೆಯಷ್ಟು ಹೆಚ್ಚಿದೆಯೆಂದು ತಾನೇ ಕಂಡುಕೊಂಡು, ಯಾರೂ ಹೇಳದೆಯೇ ಮತ್ತೆ ಉಜ್ಜಲು ಕೂತ. ತನ್ನ ಕೆಲಸದ ತಪ್ಪನ್ನು ತಾನೇ ಗುರುತಿಸುವ ಆ ಶಿಸ್ತನ್ನು ಮೂರು ವರ್ಷ ಪಾಠ ಕೇಳಿದ ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಕಲಿಸಿದ್ದೇವೆ ಎಂದು ಅಧ್ಯಾಪಕನಾಗಿ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ.

ನಾನು ಬಿ.ಎ. ಓದುತ್ತಿದ್ದೇನೆ. ಎಲ್ಲರೂ ಅದರಿಂದ ಏನೂ ಸಿಗುವುದಿಲ್ಲ ಎನ್ನುತ್ತಾರೆ. ಬಿಟ್ಟುಬಿಡಲೇ?

ಬಿಡಬೇಡಿ. ಬಿ.ಎ. ತರಗತಿಗಳು ದಿನಕ್ಕೆ ನಾಲ್ಕೈದು ಗಂಟೆ ಮಾತ್ರ ಇರುತ್ತವೆ, ಉಳಿದ ಹೊತ್ತು ನಿಮ್ಮದು. ಈ ಕೋರ್ಸಿನ ದೊಡ್ಡ ಆಸ್ತಿ ಅದೇ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಗೈಡಿನಿಂದ ಉರುಹೊಡೆಯದೆ ಗ್ರಂಥಾಲಯದಲ್ಲಿ ಕೂತು ಓದಿದವರಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಅರ್ಧ ತಯಾರಿ ಅಲ್ಲೇ ಮುಗಿದಿರುತ್ತದೆ. ಇದರ ಜೊತೆಗೆ ಕೈಗೆ ಒಂದು ಕಸುಬು ಬೇಕು. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪ್ರೌಢ ದರ್ಜೆಯ ಬೆರಳಚ್ಚು ಪಾಸು ಮಾಡಿಕೊಂಡವರಿಗೆ ನ್ಯಾಯಾಲಯಗಳಲ್ಲಿ ಹುದ್ದೆಗಳಿವೆ. ನುಡಿ ತಂತ್ರಾಂಶದಲ್ಲಿ ತಪ್ಪಿಲ್ಲದೆ ಒಂದು ಅರ್ಜಿಯನ್ನೋ ನಡವಳಿಯನ್ನೋ ಟೈಪು ಮಾಡಬಲ್ಲವರಿಗೆ ತಾಲ್ಲೂಕು ಮಟ್ಟದಲ್ಲಿಯೂ ಕೆಲಸವಿದೆ. ಕಾನೂನು, ಗ್ರಂಥಾಲಯ ವಿಜ್ಞಾನ, ಸಮಾಜಕಾರ್ಯ, ಬಿ.ಇಡಿ. ಕಡೆಗೂ ಹೋಗಬಹುದು. ಏನೂ ಸಿಗದೆ ಹೋಗುವುದು ಮೂರು ವರ್ಷವೂ ಪರೀಕ್ಷೆಯ ಹಿಂದಿನ ವಾರ ಮಾತ್ರ ಓದಿದವರಿಗೆ, ಮತ್ತು ಅವರು ಬಿ.ಎ.ಯಲ್ಲಷ್ಟೇ ಅಲ್ಲ, ಬಿ.ಇ.ಯಲ್ಲಿಯೂ ಇದ್ದಾರೆ.

ಪದವಿ ಮೂರು ವರ್ಷವೋ ನಾಲ್ಕು ವರ್ಷವೋ?

ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ ಜಾರಿಗೆ ಬಂದಿತ್ತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು.

ಮಗಳನ್ನು ಓದಿಸಿದರೆ ನಮಗೇನು ಲಾಭ, ನಾಳೆ ಮದುವೆಯಾಗಿ ಹೋಗುವವಳಲ್ಲವೇ?

ಈ ಪ್ರಶ್ನೆಯನ್ನು ಈಗ ಬಾಯಿಬಿಟ್ಟು ಕೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಹೆಣ್ಣುಮಗಳ ಪಾಲಿಗೆ ಕಾಲೇಜು ಕೊಡುವ ಮೊದಲ ವಸ್ತು ಸಮಯ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಆರು ತಿಂಗಳಲ್ಲಿ ವರ ನೋಡಲು ಆರಂಭಿಸುವ ಊರುಗಳಲ್ಲಿ, ‘ಅವಳು ಓದುತ್ತಿದ್ದಾಳೆ’ ಎಂಬ ಒಂದೇ ಮಾತು ಅವಳಿಗೆ ಮೂರು ವರ್ಷದ ರಕ್ಷಣೆ ಕೊಡುತ್ತದೆ. ಆ ಮೂರು ವರ್ಷಗಳಲ್ಲಿ ಅವಳು ಒಬ್ಬಳೇ ಬಸ್ ಹತ್ತುವುದನ್ನು, ಬ್ಯಾಂಕಿನ ಚಲನ್ ತುಂಬುವುದನ್ನು, ಕಚೇರಿಯಲ್ಲಿ ಎದುರು ನಿಂತು ತನ್ನ ಕೆಲಸ ಕೇಳುವುದನ್ನು ಕಲಿಯುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಪಾಸಿನ ಖರ್ಚಿನ ಮಾತೂ ಉಳಿದಿಲ್ಲ. ಮದುವೆಯ ನಂತರ ಗಂಡನ ದುಡಿಮೆ ನಿಂತರೆ, ಗಂಡನೇ ಇಲ್ಲವಾದರೆ, ಮನೆಯನ್ನು ಹಿಡಿದು ನಿಲ್ಲಿಸುವುದು ಆ ಓದು. ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಾಕಲು ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಪದವಿಯ ಪ್ರಮಾಣಪತ್ರವನ್ನು ಹುಡುಕಿ ದೃಢೀಕರಿಸಿ ಕೊಟ್ಟ ದಿನ, ಅದು ಎಂಥ ಆಸ್ತಿ ಎಂಬುದು ನನಗೆ ಪುಸ್ತಕವಿಲ್ಲದೆಯೇ ಅರ್ಥವಾಯಿತು.

ಮನೆಯಲ್ಲಿ ಹಣವಿಲ್ಲ. ಓದು ಸಾಧ್ಯವೇ?

ಸಾಧ್ಯ, ಆದರೆ ಕಾಗದಪತ್ರ ಸರಿಯಿರಬೇಕು. ವಿದ್ಯಾರ್ಥಿವೇತನದ ಅರ್ಜಿಗಳು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹೋಗುತ್ತವೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿರುವ ಹೆಸರು ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ಹಣವೂ ಬರುವುದಿಲ್ಲ. ಇದನ್ನು ಪಿಯುಸಿ ಫಲಿತಾಂಶ ಬರುವ ಮೊದಲೇ ಸರಿಪಡಿಸಿಕೊಳ್ಳಿ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಹಾಕಿ. ಹಾಸ್ಟೆಲ್ ಸಿಗದ ಅರ್ಹ ಹಿಂದುಳಿದ ವರ್ಗಗಳ ಮಕ್ಕಳಿಗೆ ಊಟ ಮತ್ತು ವಸತಿ ನೆರವಿಗೆ ವಿದ್ಯಾಸಿರಿ ಯೋಜನೆ ಇದೆ. ಸಾಲವೇ ಅನಿವಾರ್ಯವಾದರೆ, ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕಿನ ಮಾದರಿ ಯೋಜನೆಯಲ್ಲಿ ಆಸ್ತಿಯ ಅಡಮಾನ ಬೇಕಿಲ್ಲ ಎಂಬುದನ್ನು ತಿಳಿದುಕೊಂಡೇ ಶಾಖೆಗೆ ಹೋಗಿ.

ಪದವಿ ಮುಗಿದ ಮೇಲೆ ಯುವನಿಧಿ ಬರುತ್ತದಲ್ಲ?

ಯುವನಿಧಿ ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ: ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಪರೀಕ್ಷೆಯ ಅರ್ಜಿ ಶುಲ್ಕಕ್ಕೂ ಪುಸ್ತಕಕ್ಕೂ ಅದು ಒಳ್ಳೆಯ ಆಸರೆ. ಅದಕ್ಕಾಗಿ ಪದವಿ ಓದಬೇಕಾಗಿಲ್ಲ.

ಕೆಲಸ ಮಾಡುತ್ತ ದೂರಶಿಕ್ಷಣದಲ್ಲಿ ಓದಿದರೆ ಬೆಲೆ ಇದೆಯೇ?

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಇರುವ ಸಂಸ್ಥೆಯ ಪದವಿಯಾದರೆ ಇದೆ. ನೀವು ಸೇರುವ ಆ ವರ್ಷಕ್ಕೆ, ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂಬುದನ್ನು ಯುಜಿಸಿ ಪಟ್ಟಿಯಲ್ಲೇ ನೋಡಬೇಕು. ಮೈಸೂರಿನಲ್ಲಿರುವ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಕೆಲವು ವರ್ಷ ಮಾನ್ಯತೆ ಇಲ್ಲದೆ ಕಳೆದು 2018ರಲ್ಲಿ ಅದನ್ನು ಮರಳಿ ಪಡೆಯಿತು. ನಡುವಿನ ವರ್ಷಗಳಲ್ಲಿ ಸೇರಿದ್ದವರು ಪಟ್ಟ ಪಾಡು ಸಣ್ಣದಲ್ಲ. ಗಾರ್ಮೆಂಟ್ಸ್‌ನಲ್ಲಿ, ಅಂಗಡಿಯಲ್ಲಿ ದುಡಿಯುತ್ತಲೇ ಹೀಗೆ ಓದಿ ಮುಗಿಸಿದವರನ್ನು ಕಂಡರೆ ನನಗೆ ವಿಶೇಷ ಗೌರವ.

ಸೇರಿದ ಮೇಲೆ ಓದು ಹೊಂದುತ್ತಿಲ್ಲ ಎನ್ನಿಸಿದರೆ?

ಮೊದಲ ಸೆಮಿಸ್ಟರ್‌ನಲ್ಲಿ ಎಲ್ಲರಿಗೂ ಹಾಗೆನ್ನಿಸುತ್ತದೆ, ಅದರಲ್ಲೂ ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ. ಪಾಠ ಅರ್ಥವಾಗದಿರುವುದಕ್ಕೆ ಭಾಷೆ ಕಾರಣವೋ ವಿಷಯವೋ ಎಂಬುದನ್ನು ಬೇರೆ ಮಾಡಿ ನೋಡಿ. ಭಾಷೆಯಾದರೆ ಒಂದು ವರ್ಷದಲ್ಲಿ ದಾರಿಗೆ ಬರುತ್ತದೆ, ಅದಕ್ಕಾಗಿ ಬಿಡಬೇಡಿ. ಎರಡನೆಯ ವರ್ಷದಲ್ಲಿಯೂ ವಿಷಯವೇ ಬೇಡವೆನ್ನಿಸುತ್ತಿದ್ದರೆ, ಬ್ಯಾಕ್ ಸಬ್ಜೆಕ್ಟುಗಳು ಗುಡ್ಡೆ ಬೀಳುತ್ತಿದ್ದರೆ, ಮನೆಯಲ್ಲಿ ಮುಚ್ಚಿಡದೆ ಹೇಳಿ. ಕಾಲೇಜಿಗೆ ಹೋಗುತ್ತೇನೆಂದು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು ಸಂಜೆಯವರೆಗೆ ಬಸ್ ನಿಲ್ದಾಣದಲ್ಲಿ ಕೂತು ವರ್ಷ ಕಳೆದ ಹುಡುಗನನ್ನು ನಾನು ಬಲ್ಲೆ. ಅವನ ತಂದೆಗೆ ಅದು ತಿಳಿದದ್ದು ನನ್ನಿಂದ, ಬಹಳ ತಡವಾಗಿ. ಬಿಡುವುದೆಂದು ತೀರ್ಮಾನಿಸಿದರೆ ಪಾಸಾದ ಸೆಮಿಸ್ಟರ್‌ಗಳ ಅಂಕಪಟ್ಟಿಗಳನ್ನೂ ಟಿಸಿಯನ್ನೂ ಕೇಳಿ ಪಡೆಯಿರಿ. ಮೂಲ ದಾಖಲೆಗಳನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ ಸ್ಪಷ್ಟವಾಗಿ ಹೇಳಿದೆ. ಕೊಡಲು ನಿರಾಕರಿಸಿದರೆ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಆಮೇಲೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಬರೆಯಿರಿ.